ಕಾಯಿತುರಿ ಒಂದು ಹಿಡಿ

ಒಂದೂರು. ಊರ ಹೆಸರು ಕೇಳಬೇಡಿ. ಪೆದ್ದ ಹುಟ್ಟಿದ ಊರು ಅನ್ನಿಸಿಕೊಳ್ಳೋಕೆ ಯಾವ ಊರಿಗೆ ತಾನೆ ಇಷ್ಟ? ಆ ಊರಲ್ಲಿ ಹೊನ್ನಾಜಮ್ಮ ಅಂತ ಒಬ್ಬ ತಾಯಿ, ಮುದ್ದೀರ ಅಂತ ಅವಳಿಗೊಬ್ಬನೇ ಮಗ. ಗಂಡ ಕಾಲವಾಗಿ ಬಹಳ ವರ್ಷವಾಗಿತ್ತು. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಸೋಮಾರಿಯಲ್ಲ, ಪುಂಡನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತೊಂದರೆ ಇದ್ದದ್ದೇ ಅಲ್ಲಿ. "ಬಾಗಿಲು ನೋಡ್ಕೊಂಡಿರು ಮಗ" ಅಂದರೆ ಬಾಗಿಲನ್ನೇ ನೋಡುತ್ತ ಕೂರುವನು. ಅದೇ ಬಾಗಿಲಲ್ಲಿ ಕರು ಒಳಗೆ ಹೋಗಿ ರಾಗಿಹಿಟ್ಟು ತಿಂದರೂ, "ಬಾಗಿಲು ಇಲ್ಲೇ ಅದೆ ಕಣವ್ವ, ಎಲ್ಲೂ ಹೋಗಿಲ್ಲ" ಅನ್ನುವನು.

"ಅಯ್ಯೋ ನನ್ನ ಕಂದ, ನಿನ್ನ ಹೆತ್ತ ಹೊಟ್ಟೆಗೆ ಏನು ಹೇಳ್ಲಿ!" ಅನ್ನುವಳು ಅವಳು.

"ಏನಾದ್ರೂ ಹೇಳವ್ವ, ಹಂಗೇ ಮಾಡ್ತೀನಿ" ಅನ್ನುವನು ಇವನು.

ಹೀಗಿರುವಾಗ ಹೊನ್ನಾಜಮ್ಮ ಬಾವಿಕಟ್ಟೆಯ ಪಾಚಿ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಊರ ವೈದ್ಯ ಬಂದು ಎಲುಬು ಕೂಡಿಸಿ, ಬಿದಿರಿನ ದಬ್ಬೆ ಇಟ್ಟು, ಬಾಳೆನಾರಿನಲ್ಲಿ ಬಿಗಿಯಾಗಿ ಕಟ್ಟಿದ. "ಕೈ ಕೂಡೋವರೆಗೂ ಒಲೆ ಹತ್ರ ಹೋಗಬೇಡ ತಾಯಿ" ಅಂದ.

ಸುದ್ದಿ ಅವಳ ತವರಿಗೂ ಹೋಯಿತು. ತವರು ಅಂದರೆ ಹತ್ತಿರವೇ? ಹೊಳೆ ದಾಟಿ, ಗುಡ್ಡ ಬಳಸಿ, ಕಟ್ಟಿಕೊಂಡ ಬುತ್ತಿ ದಾರಿಯಲ್ಲೇ ಹಳಸುವಷ್ಟು ದೂರ. ಅಲ್ಲಿಂದ ಅವಳ ಅಣ್ಣ ಜವರಯ್ಯ ಹೇಳಿಕಳಿಸಿದ: "ನಾಳಿದ್ದು ಬತ್ತೀನಿ. ನಿನ್ನ ಮಗ ನಿನಗೆ ಒಂದು ಹೊತ್ತಿನ ಅಡುಗೆ ಮಾಡಿ ಹಾಕೋದನ್ನ ಕಣ್ಣಾರೆ ನೋಡ್ತೀನಿ. ಮಾಡಿದ್ನೋ, ಸರಿ. ಇಲ್ವೋ, ನೀನು ನನ್ನ ಜೊತೆ, ಅವನು ಕುರಿಮಂದೆಯವರ ಜೊತೆ. ಅಲ್ಲಿ ಮಾತು ಕಡಿಮೆ, ಕುರಿ ಜಾಸ್ತಿ. ಅವನಿಗೆ ಅದೇ ಸರಿ."

ಮಂದೆಯವರು ಮೇವು ಹುಡುಕಿಕೊಂಡು ಹೋಗುವ ಜನ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಹೋದ ಮಗ ಮತ್ತೆ ಕಣ್ಣಿಗೆ ಬೀಳುವುದು ಯಾವಾಗ? "ಉಣ್ಣು" ಅಂತ ಯಾರಾದರೂ ಹೇಳದಿದ್ದರೆ ಹಸಿದುಕೊಂಡೇ ಕೂರುವ ಮಗ! ಯಾವುದು ಸುಲಭದ ಅಡುಗೆ ಅಂತ ಹೊನ್ನಾಜಮ್ಮ ಯೋಚಿಸಿದಳು. ಮುದ್ದೆ ತಿರುವೋಕೆ ಪಕ್ಕದ ಮನೆಯ ಈರಾಜಮ್ಮ ಬರುತ್ತಾಳೆ. ಜೊತೆಗೊಂದು ಪಲ್ಯ ಮಾಡಿದರೆ ಸಾಕು. ಹಿತ್ತಲಲ್ಲಿ ಹುರುಳಿಕಾಯಿ ಬಿಟ್ಟಿದೆ. ಅದಕ್ಕಿಂತ ಸುಲಭದ ಪಲ್ಯ ಇನ್ನೊಂದಿಲ್ಲ.

"ಮಗ, ಮೊರದಲ್ಲಿ ಹುರುಳಿಕಾಯಿ ಅದೆ. ಇವತ್ತೇ ಕಲ್ತುಕೋ. ಮೊದಲು ಹುರುಳಿಕಾಯಿ ಹೆಚ್ಚು."

"ಹಂಗೇ ಮಾಡ್ತೀನಿ ಕಣವ್ವ" ಅಂತ ಮುದ್ದೀರ ಹೋದ. ಹಿತ್ತಲಿಗೆ ಹೋದ. ಎಳೆಯದು, ಬಲಿತದ್ದು, ಕಡ್ಡಿಯಷ್ಟಿದ್ದದ್ದು, ಎಲ್ಲ ಕಿತ್ತ. ಮೊರ ತುಂಬಿತು, ಕುಕ್ಕೆ ತುಂಬಿತು, ಪಂಚೆಯ ಮಡಿಲೂ ತುಂಬಿತು. ತಂದು ತಾಯಿಯ ಮುಂದೆ ಸುರಿದ.

"ಏನ್ಲಾ ಇದು!"

"ಹೆಚ್ಚು ಅಂದ್ಯಲ್ಲವ್ವ. ಇದ್ದದ್ದು ಕಡಿಮೆ ಇತ್ತು. ಹೆಚ್ಚು ಮಾಡ್ದೆ."

"ಅಯ್ಯೋ ನನ್ನ ಕಂದ! ಗಿಡದಲ್ಲಿ ಒಂದು ಹೀಚನ್ನೂ ಉಳಿಸಲಿಲ್ವಲ್ಲೋ! ಹೆಚ್ಚು ಅಂದ್ರೆ ಈಳಿಗೆಮಣೆ ಮೇಲೆ ಕೂತು ಬೆರಳ ಗೆಣ್ಣಿನಷ್ಟುದ್ದ ತುಂಡು ಮಾಡೋದು ಕಣ್ಲಾ. ಇನ್ಮೇಲೆ ಹೆಚ್ಚು ಅಂತ ಕಿವಿಗೆ ಬಿದ್ರೆ ಈಳಿಗೆಮಣೆ ಎಳ್ಕೋ, ತಿಳೀತಾ?"

"ತಿಳೀತು ಕಣವ್ವ."

ಸಂಜೆಗೆ ಕೈನೋವಿಗೆ ಹೊನ್ನಾಜಮ್ಮನಿಗೆ ಸಣ್ಣಗೆ ಜ್ವರ ಬಂತು. ಮೈ ನಡುಗಿತು. "ಮಗ, ಚಳಿ ತಡೆಯೋಕಾಗ್ತಿಲ್ಲ. ಆ ಕಂಬಳಿ... ಒಂದು ಕಂಬಳಿ ಹೆಚ್ಚು..." ಅಂದಳು. "ಬೇಕು" ಅನ್ನುವಷ್ಟರಲ್ಲಿ ಹಲ್ಲು ಕಟಕಟ ಅಂದವು.

ಮುದ್ದೀರ ಈಳಿಗೆಮಣೆ ಎಳೆದುಕೊಂಡ. ಗಟ್ಟಿ ಕಂಬಳಿ, ಪಾಪ, ಬೆವರಿಳಿಯಿತು. ಆದರೂ ಬಿಡದೆ ಬೆರಳ ಗೆಣ್ಣಿಗೆ ಹಿಡಿದು ಅಳೆದು ಅಳೆದು ಹೆಚ್ಚಿದ. ಮೊರದಲ್ಲಿ ತುಂಬಿ ತಂದ.

"ಹೆಚ್ಚಿದೆ ಕಣವ್ವ. ಒಂದೂ ಹೆಚ್ಚುಕಮ್ಮಿ ಇಲ್ಲ."

"ಅಯ್ಯೋ ನನ್ನ ಕಂಬಳಿಯೇ!" ಅಂತ ಹೊನ್ನಾಜಮ್ಮ ಹಣೆ ಹಣೆ ಬಡಿದುಕೊಂಡಳು, ಎಡಗೈಯಲ್ಲಿ. "ನನ್ನ ಮದುವೇಲಿ ಅಪ್ಪ ಕೊಟ್ಟ ಕಂಬಳಿ ಕಣ್ಲಾ! ಹೆಚ್ಚೋದು ಹುರುಳಿಕಾಯಿ. ಅದನ್ನೂ ಸುಮ್ನೆ ಹೆಚ್ಚಂಗಿಲ್ಲ. ಮೊದಲು ನಾರು ತೆಗೀಬೇಕು. ತುದಿ ಮುರಿದು ಮೆಲ್ಲಗೆ ಎಳೆದ್ರೆ ನಾರು ಬತ್ತದೆ. ನಾರು ಕಂಡ ಕಡೆ ಬಿಡಬೇಡ, ತೆಗೆದುಬಿಡು. ತಿಳೀತಾ?"

"ತಿಳೀತು ಕಣವ್ವ."

ಕಂಬಳಿಯ ತುಂಡುಗಳನ್ನೇ ಅವಳ ಮೈಮೇಲೆಲ್ಲ ಸುರಿದು, ಕಾಲ ಬಳಿ ಕೂತು ನಾರು ತೆಗೆಯತೊಡಗಿದ. ಎಷ್ಟು ಚಂದ ತೆಗೆದ ಅಂತೀರಿ! ಒಂದೊಂದು ಕಾಯಿಯನ್ನೂ ಎತ್ತಿ ದೀಪಕ್ಕೆ ಹಿಡಿದು, ಈ ಕಡೆ ಒಂದು ಎಳೆ, ಆ ಕಡೆ ಒಂದು ಎಳೆ. ಅವನನ್ನು ನೋಡುತ್ತ ನೋಡುತ್ತ ತಾಯಿಗೆ ಜೊಂಪು ಹತ್ತಿತು. ಕಾಯಿ ಮುಗಿಯಿತು. ಇನ್ನೆಲ್ಲಾದರೂ ನಾರು ಉಂಟೇ ಅಂತ ಮುದ್ದೀರ ಸುತ್ತ ನೋಡಿದ. ಉಂಟು! ಅವ್ವನ ಕೈಮೇಲೆ ಸುತ್ತು ಸುತ್ತು ಬಾಳೆನಾರು! ಎಚ್ಚರವಾಗದ ಹಾಗೆ ತುದಿ ಬಿಡಿಸಿದ. ಮೆಲ್ಲಗೆ ಎಳೆದ.

ದಬ್ಬೆ ಕಳಚಿ ಬಿತ್ತು. ಹೊನ್ನಾಜಮ್ಮ ಕಿಟಾರನೆ ಕಿರುಚಿದಳು. ಈರಾಜಮ್ಮ ಓಡಿ ಬಂದಳು, ವೈದ್ಯನೂ ಓಡಿ ಬಂದ. ಪುಣ್ಯಕ್ಕೆ ಎಲುಬು ಜರುಗಿರಲಿಲ್ಲ. ಮತ್ತೆ ದಬ್ಬೆ, ಮತ್ತೆ ನಾರು, ಮತ್ತೆ ಕಟ್ಟು. ಮುದ್ದೀರ ಮೂಲೆಯಲ್ಲಿ ನಿಂತು ಗಳಗಳ ಅತ್ತ. "ನೋವಾಯ್ತೇನವ್ವ? ನಾರು ಕಂಡ ಕಡೆ ಬಿಡಬೇಡ ಅಂದಿದ್ದೆ..."

ಅಳುವ ಮಗನಿಗೆ ಎಷ್ಟು ಬೈಯಲಾದೀತು? ಆದರೂ ಬೈದಳು. "ನನ್ನ ಮೈಮೇಲೆ ಯಾಕ್ಲಾ ಕೈಯಾಡಿಸ್ತೀಯ? ಕೈಯಾಡಿಸೋದಾದ್ರೆ ನಾಳೆ ಒಲೆ ಮುಂದೆ ನಿಂತು ಬಾಣಲೆಗೆ ಕೈಯಾಡಿಸು! ತಳ ಹತ್ತದಂಗೆ ಆಗಾಗ ಕೈಯಾಡಿಸ್ತಿರು. ತಿಳೀತಾ?"

"ತಿಳೀತು ಕಣವ್ವ" ಅಂದ, ಮೂಗು ಒರೆಸಿಕೊಂಡು.

ಬೆಳಗಾಯಿತು. ಅಣ್ಣ ಬರುವ ದಿನ ಇನ್ನೂ ನಾಳೆ. ಇವತ್ತೊಂದು ಸಲ ಮಾಡಿ ನೋಡಲಿ ಅಂತ ತಾಯಿ ಒಲೆ ಹಚ್ಚಿಸಿದಳು. ಬಾಣಲೆಗೆ ಹುರುಳಿಕಾಯಿ ಬಿತ್ತು. ಅವಳು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಮನೆ ತುಂಬ ಹೊಗೆ. ಹೊಗೆಯ ನಡುವೆ ಮುದ್ದೀರ ನೆಟ್ಟಗೆ ನಿಂತು, ಊರಿಗೆ ಹೊರಟವರನ್ನು ಕಳಿಸುವವನ ಹಾಗೆ, ಬಾಣಲೆಗೆ ಕೈ ಆಡಿಸುತ್ತಿದ್ದ!

"ಸೀದು ಹೋಯ್ತಲ್ಲೋ!"

"ಆವಾಗಿಂದ ಆಡಿಸ್ತಾನೇ ಇವ್ನಿ ಕಣವ್ವ. ಅದೇ ತಿರುಗಿ ನೋಡ್ತಿಲ್ಲ."

ಹೊನ್ನಾಜಮ್ಮನಿಗೆ ನಗುವೂ ಬಂತು, ಅಳುವೂ ಬಂತು. "ಸಟ್ಟುಗ ಕಣ್ಲಾ, ಸಟ್ಟುಗ! ಪಲ್ಯ ತಿರುವೋ ಸಟ್ಟುಗ! ಕೈಯಾಡಿಸು ಅಂದ್ರೆ ಬರಿಗೈ ಆಡಿಸೋದಲ್ಲ. ಕೈಲಿ ಸಟ್ಟುಗ ಇರಲೇಬೇಕು. ಸಟ್ಟುಗ ಇಲ್ದೆ ಕೈಯಾಡಿಸಿದ್ಯೋ, ನೋಡು ಮತ್ತೆ!"

"ಇನ್ಮೇಲೆ ಸಟ್ಟುಗ ಇಲ್ದೆ ಆಡಿಸೋದೇ ಇಲ್ಲ ಕಣವ್ವ."

ಮಾರನೇ ದಿನ ಮಧ್ಯಾಹ್ನ ಜವರಯ್ಯ ಬಂದ. ದೊಡ್ಡ ರುಮಾಲು, ದೊಡ್ಡ ಹೊಟ್ಟೆ, ದೊಡ್ಡ ದನಿ. ಅವನು ಬೀದಿಯ ತುದಿಯಲ್ಲಿ ಕಾಣುತ್ತಲೇ ತಾಯಿ, "ಅಗೋ ಮಾವ! ಕೈಯಾಡಿಸು ಮಗ" ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮುದ್ದೀರ ಆಗಲೇ ಒಳಗೆ ಹೋಗಿ ಸಟ್ಟುಗ ತಂದಾಗಿತ್ತು. ಅದನ್ನು ತಲೆಯ ಮೇಲೆ ಬೀಸುತ್ತ, "ಮಾವಾ!" ಅಂತ ಓಡಿದ.

"ಹೊಡೆಯೋಕೆ ಬತ್ತಾವ್ನಲ್ಲಪ್ಪೋ!" ಅಂತ ಜವರಯ್ಯ ಬೇಲಿಯ ಹಿಂದೆ ಕೂತುಬಿಟ್ಟ. ಎದ್ದು ಬರೋವಾಗ ರುಮಾಲು ಬೇಲಿಯಲ್ಲೇ ಉಳಿದಿತ್ತು.

"ಹೊನ್ನಾ, ನಿನ್ನ ಬಟ್ಟೆಬರೆ ಗಂಟು ಕಟ್ಕೋ" ಅಂದ ಜಗಲಿ ಹತ್ತುತ್ತಲೇ.

"ಅಣ್ಣಯ್ಯ, ಮಾತು ಅಂದ್ರೆ ಮಾತು. ಅವನು ಅಡುಗೆ ಮಾಡ್ಲಿ, ಆಮೇಲೆ ಹೇಳು."

"ಆಗ್ಲಿ. ಆದ್ರೆ ನೀನು ಒಳಗೆ ಕಾಲಿಡಂಗಿಲ್ಲ. ಇಲ್ಲೇ ಜಗಲಿ ಮೇಲೆ ಕೂತು ಬಾಯಲ್ಲಿ ಹೇಳು."

ಹೊನ್ನಾಜಮ್ಮ ಗೋಡೆಗೆ ಒರಗಿ ಕೂತಳು. ಹುರುಳಿಕಾಯಿಯೇನೋ ಬೇಕಾದಷ್ಟಿತ್ತು, ಅಷ್ಟನ್ನೂ ಅವನೇ ನಾರು ತೆಗೆದು, ಗೆಣ್ಣಿಗೆ ಹಿಡಿದು ಒಂದೇ ಅಳತೆಗೆ ಹೆಚ್ಚಿಟ್ಟಿದ್ದ. ಕಾಯಿ ತುರಿದು ತಟ್ಟೆಯಲ್ಲಿಟ್ಟಿದ್ದ. ಇನ್ನು ಉಳಿದದ್ದು ಮಾತು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದು ಮಾತನ್ನೂ ಆರಿಸಿದಳು.

"ಬಾಣಲೆಗೆ ಎಣ್ಣೆ ಬಿಡು ಮಗ."

"ಬಿಟ್ಟೆ."

"ಎಣ್ಣೆಗೆ ಸಾಸಿವೆ ಹಾಕು. ಸಿಡಿಯೋವರೆಗೂ..." 'ಕಾಯಿ' ಅಂದರೆ ತೆಂಗಿನಕಾಯಿ ಸುರಿದುಬಿಟ್ಟಾನು ಅಂತ, "ತಾಳು" ಅಂದಳು.

"ಸಿಡೀತು ಕಣವ್ವ! ಒಂದು ನನ್ನ ಮೂಗಿಗೂ ಬಿತ್ತು!"

"ಉದ್ದಿನಬೇಳೆ ಹಾಕು. ಕೆಂಪಗಾಯ್ತಾ? ಒಣಮೆಣಸಿನಕಾಯಿ ಮುರಿದು ಹಾಕು. ಕರಿಬೇವು ಹಾಕು. ಈಗ ಹುರುಳಿಕಾಯಿ ಹಾಕು. ಉಪ್ಪು ಹಾಕು, ಒಂದು ಚಮಚ. ನೀರು ಚಿಮುಕಿಸು. ಬಾಣಲೆ ಮೇಲೆ ತಟ್ಟೆ ಇಡು. ಸಟ್ಟುಗದಲ್ಲಿ ಆಗಾಗ ತಿರುವು."

ಘಮ್ಮೆಂದಿತು ಒಗ್ಗರಣೆ. ಜವರಯ್ಯನ ಮೂಗು ಅರಳಿತು. "ವಾಸನೆಯೇನೋ ನಮ್ಮವ್ವ ಮಾಡ್ತಿದ್ದ ಪಲ್ಯದ್ದೇ" ಅಂತ ಗೊಣಗಿದ. ಹೊನ್ನಾಜಮ್ಮನ ಕಣ್ಣಲ್ಲಿ ನೀರಾಡಿತು. ಆ ವಾಸನೆಯನ್ನು ಅವಳು ಮದುವೆಯಾಗಿ ಬಂದ ದಿನದಿಂದ ಈ ಪರಊರಿನ ಒಲೆಯ ಮೇಲೆ ಕಾಪಾಡಿಕೊಂಡು ಬಂದಿದ್ದಳು. ಈಗ ಮಗ ಮಾಡುತ್ತಿದ್ದಾನೆ! ಆ ಸಂತೋಷದಲ್ಲಿ ಮಾತು ಆರಿಸುವುದನ್ನು ಮರೆತಳು.

"ಬೆಂತಾ ಮಗ? ಈಗ ಕಾಯಿತುರಿ, ಒಂದು ಹಿಡಿ. ಆಯ್ತಾ? ಇನ್ನು ಇಳಿಸಿ ಮುಚ್ಚಿಡು."

"ಆಯ್ತು ಕಣವ್ವ."

ಈರಾಜಮ್ಮ ಮುದ್ದೆ ತಂದಿಟ್ಟು ಹೋದಳು. ಮುದ್ದೀರ ಎಡಗೈ ಮುಷ್ಟಿ ಕಟ್ಟಿಕೊಂಡು, ಬಲಗೈಯೊಂದರಲ್ಲೇ ಎಲೆ ಹಾಸಿದ, ನೀರಿಟ್ಟ. ನನ್ನದೊಂದು ಕೈ ಕಟ್ಟಿರೋದಕ್ಕೆ ಇವನೂ ಒಂದೇ ಕೈಲಿ ಮಾಡ್ತಾನಲ್ಲ ಅಂತ ತಾಯಿ ಅಂದುಕೊಂಡಳು.

"ಪಲ್ಯ ಎಲ್ಲೋ?" ಅಂದ ಜವರಯ್ಯ.

"ಮುಚ್ಚಿಟ್ಟಿವ್ನಿ ಮಾವ."

"ಸಂತೋಷ. ಎಲ್ಲಿ?"

"ಹೇಳಿಬಿಟ್ರೆ ಅದು ಮುಚ್ಚಿಟ್ಟಂಗೆ ಆಯ್ತದಾ?"

ಜವರಯ್ಯ ಎದ್ದ. ಅಡುಗೆಮನೆ ನೋಡಿದ, ಅಟ್ಟ ನೋಡಿದ, ನೀರಿನ ಹಂಡೆಯೊಳಗೂ ಇಣುಕಿದ. ಪಲ್ಯದ ವಾಸನೆ ಮನೆ ತುಂಬ, ಪಲ್ಯ ಮಾತ್ರ ಎಲ್ಲೂ ಇಲ್ಲ! ಹಸಿವು ಏರಿತು, ಸಿಟ್ಟೂ ಏರಿತು. "ಸಾಕು ಹೊನ್ನಾ! ಗಂಟು ಕಟ್ಟು. ಇವನಿಗೆ ಕುರಿಗಳೇ ಸರಿ!"

ಹೊನ್ನಾಜಮ್ಮ ಮಗನ ಕಡೆ ತಿರುಗಿದಳು. "ಮಗ, ನನಗಾದ್ರೂ ಹೇಳು."

ಮುದ್ದೀರ ಅವಳ ಕಿವಿಗೆ ಬಾಯಿಟ್ಟ. ಬಾಯಿಟ್ಟು ಹೇಳಿದ್ದು ಬೀದಿಗೆಲ್ಲ ಕೇಳಿಸಿತು. "ನೀನು ನನಗೆ ಬೆಲ್ಲ ಮುಚ್ಚಿಡ್ತಿದ್ಯಲ್ಲವ್ವ, ಚಿಕ್ಕೋನಿದ್ದಾಗ. ಅಲ್ಲೇ."

ರಾಗಿ ತುಂಬುವ ವಾಡೆಯ ಹಿಂದಿನ ಸಂದು! ಹೊನ್ನಾಜಮ್ಮ ತಾನೇ ಹೋಗಿ ಎಡಗೈ ಹಾಕಿದಳು. ಬಾಣಲೆ ಸಿಕ್ಕಿತು. ಸುತ್ತ ಕಂಬಳಿಯ ತುಂಡುಗಳನ್ನು ಒತ್ತೊತ್ತಾಗಿ ತುಂಬಿದ್ದ. ಪಲ್ಯ ಬಿಸಿಬಿಸಿ ಇತ್ತು.

ಜವರಯ್ಯ ಕೂತ. ಒಂದು ತುತ್ತು ಉಂಡ. ಇನ್ನೊಂದು ತುತ್ತು ಉಂಡ. ಎಲೆ ಅರ್ಧ ಖಾಲಿಯಾದ ಮೇಲೆ ತಲೆ ಎತ್ತಿದ. "ಒಂದು ಎಳೆ ನಾರಿಲ್ಲ. ಉಪ್ಪು ಕಾರ ಹದವಾಗಿ ಅದೆ. ನಮ್ಮವ್ವನ ಪಲ್ಯವೇ! ಆದ್ರೆ ಕಾಯಿತುರಿ ಎಲ್ಲೋ ಹೋಯ್ತಲ್ಲ?"

ಮುದ್ದೀರ ಎಡಗೈ ಮುಂದೆ ಚಾಚಿ ಮುಷ್ಟಿ ಬಿಚ್ಚಿದ. ಬೆವರಿಗೆ ಮೆತ್ತಗಾದ ಕಾಯಿತುರಿ! "ಅವ್ವ ಹೇಳಿದ್ಲು ಮಾವ, ಕಾಯಿತುರಿ ಒಂದು ಹಿಡಿ ಅಂತ. ಆವಾಗಿಂದ ಹಿಡ್ದೇ ಇವ್ನಿ. ಬೆರಳೆಲ್ಲ ಜೋಮು ಹಿಡೀತು."

"ಬಿಡಬಾರದಾಗಿತ್ತೇನ್ಲಾ!"

"ಬಿಡು ಅಂತ ಅವ್ವ ಹೇಳ್ಲಿಲ್ವಲ್ಲ!"

ಜವರಯ್ಯ ನಕ್ಕ. ಹೊಟ್ಟೆ ಕುಣಿಯುವ ಹಾಗೆ ನಕ್ಕ. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ತಂಗಿಯನ್ನು ನೋಡಿದ. "ಇರು ಹೊನ್ನಾ. ಇವನ ಜೊತೆಗೇ ಇರು. ಹಿಡಿ ಅಂದ್ರೆ ಬಿಡದವನನ್ನ ನಾನು ಬೇರೆಲ್ಲೂ ಕಂಡಿಲ್ಲ." ಹೊರಡೋವಾಗ ಮುದ್ದೀರನ ಭುಜ ತಟ್ಟಿ, "ಕಾಯಿತುರಿ ಎಲೆ ಮೇಲೆ ಬಿಡು, ನಿಮ್ಮವ್ವನ ಕೈ ಮಾತ್ರ ಬಿಡಬೇಡ ಕಣ್ಲಾ" ಅಂದ.

"ಹಂಗೇ ಮಾಡ್ತೀನಿ ಮಾವ" ಅಂತ ಮುದ್ದೀರ ಅಲ್ಲೇ ತಾಯಿಯ ಎಡಗೈ ಹಿಡಿದುಕೊಂಡ.

ಜವರಯ್ಯ ಬೇಲಿಯಲ್ಲಿದ್ದ ರುಮಾಲು ಬಿಡಿಸಿ ಸುತ್ತಿಕೊಂಡು ಹೊರಟ, ಬೀದಿಯ ತುದಿಯಲ್ಲಿ ತಿರುಗಿ ಕೈ ಬೀಸಿದ. ಮುದ್ದೀರನೂ ಕೈಯಾಡಿಸಬೇಕಲ್ಲ, ಸಟ್ಟುಗ ಬೇಕಲ್ಲ! ತಾಯಿಯನ್ನೂ ಎಳೆದುಕೊಂಡೇ ಒಳಗೆ ಓಡಿದ, ಸಟ್ಟುಗ ಹುಡುಕಿದ, ತಾಯಿಯನ್ನು ಎಳೆದುಕೊಂಡೇ ಹೊರಗೆ ಓಡಿ ಬಂದ, ಬೀಸಿದ. ಅಷ್ಟರಲ್ಲಿ ಮಾವನ ರುಮಾಲಿನ ತುದಿಯಷ್ಟೇ ಕಾಣುತ್ತಿತ್ತು.

"ಸಾಕು, ಕೈ ಬಿಡ್ಲಾ, ಉಣ್ಣಬೇಕು" ಅಂದಳು ಹೊನ್ನಾಜಮ್ಮ.

"ಬಿಡಬೇಡ ಅಂದವ್ನೆ ಮಾವ."

"ಬಲಗೈಗೆ ಕಟ್ಟು ಅದೆ, ಎಡಗೈ ನಿನ್ನ ಹತ್ರ ಅದೆ. ನಾನು ಯಾವ ಕೈಲಿ ಉಣ್ಲಿ?"

ಮುದ್ದೀರ ಯೋಚಿಸಿದ. ತನ್ನ ಬಲಗೈ ನೋಡಿಕೊಂಡ. ತಾಯಿಯನ್ನು ಎಲೆಯ ಮುಂದೆ ಕೂರಿಸಿ, ತಾನೂ ಕೂತು, ಮುದ್ದೆ ಮುರಿದು, ಪಲ್ಯ ಹಚ್ಚಿ, ಮೇಲೊಂದಿಷ್ಟು ಆ ಮೆತ್ತನೆ ಕಾಯಿತುರಿ ಉದುರಿಸಿದ.

"ಅಯ್ಯೋ ನನ್ನ..." ಅಂತ ಬೈಯೋಕೆ ಅವಳು ಬಾಯಿ ತೆರೆದಳು.

ತೆರೆದ ಬಾಯಿಗೆ ತುತ್ತು ಬಿತ್ತು.