ಹೇಂಟೆಯ ಹಾಡಿನ ಕೊನೆಯ ‘ಬಾ’

ಹೇಂಟೆಯೊಂದು ತನ್ನ ಮರಿಗಳನ್ನು ಕರೆಯಲು ಹಾಡು ಕಟ್ಟಿತ್ತು. ಅದರ ಪ್ರತಿ ಸಾಲೂ “ಬಾ ಬಾ ಬಾ ಬಾ” ಎಂದು ಮುಗಿಯುತ್ತಿತ್ತು. ಪಂಡಿತ ಗಿಳಿ ಮಾತ್ರೆ ಎಣಿಸಿ, “ಪ್ರಾಸ ಚೆನ್ನಾಗಿದೆ. ಆದರೆ ಕೊನೆಯ ‘ಬಾ’ ಛಂದಸ್ಸಿಗೆ ಹೆಚ್ಚಾಯಿತು, ತೆಗೆದುಬಿಡಮ್ಮ” ಎಂದಿತು. ಹೇಂಟೆ ಒಪ್ಪಿತು.

ಅಷ್ಟರಲ್ಲಿ ಅಂಗಳದ ಮೇಲೆ ಹದ್ದಿನ ನೆರಳು ಬಿತ್ತು. ಹೇಂಟೆ ತಿದ್ದಿದ ಹಾಡನ್ನೇ ಹಾಡಿತು. ಮೂರು ಮರಿಗಳು ಓಡಿಬಂದು ರೆಕ್ಕೆಯಡಿ ಸೇರಿದವು. ನಾಲ್ಕನೆಯದು ತನ್ನ ಸರದಿಯ ‘ಬಾ’ಗಾಗಿ ಕಾಯುತ್ತ ಬಯಲಲ್ಲೇ ನಿಂತಿತು.

ಗಿಳಿಗೆ ಆಗ ಹಾಡು ಅರ್ಥವಾಯಿತು. ತಾನು ತೆಗೆಸಿದ ‘ಬಾ’ ಅನ್ನು ತಾನೇ ಗಂಟಲು ಹರಿಯುವಂತೆ ಕೂಗಿತು. ಮರಿ ಓಡಿ ತಾಯಿಯನ್ನು ಸೇರಿತು. ಹದ್ದಿನ ಉಗುರಿಗೆ ಬರೀ ಮಣ್ಣು ಸಿಕ್ಕಿತು.

“ಛಂದಸ್ಸು ಕೆಟ್ಟಿತೇ, ಪಂಡಿತರೇ?” ಎಂದು ಹೇಂಟೆ ಕೇಳಿತು.

“ನಿನ್ನ ರೆಕ್ಕೆಯಡಿ ಎಣಿಸಿ ನೋಡಮ್ಮ,” ಎಂದಿತು ಗಿಳಿ. “ಒಂದು ಮಾತ್ರೆಯೂ ಹೆಚ್ಚಿಲ್ಲ.”