ಲಿಂಗ ಕೂಡುವ ಕೈ

ಪೂಜ್ಯ ಶ್ರೀ ನಿರ್ವಾಣಯ್ಯ ಅಜ್ಜನವರು ಬಸರಗಟ್ಟಿಯ ಹೊಳೆದಂಡೆಯ ಮಠದಲ್ಲಿ ನೆಲೆಸಿದ್ದ ಕಾಲದ ಮಾತಿದು. ಮಠವೆಂದರೆ ಎಂಥ ಮಠ! ಮಣ್ಣಿನ ಗೋಡೆಯ ಎರಡಂಕಣದ ಮನೆ, ಹಿಂದೊಂದು ದನದ ಕೊಟ್ಟಿಗೆ, ಮುಂದೊಂದು ಬೇವಿನ ಮರ. ಸಿಂಹಾಸನವಿಲ್ಲ, ಪಲ್ಲಕ್ಕಿಯಿಲ್ಲ. ದರ್ಶನಕ್ಕೆ ಬಂದವರಿಗೆ ಅಜ್ಜನವರು ಎಷ್ಟೋ ಸಲ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಲೇ ಸಿಗುತ್ತಿದ್ದರು. ಆ ಕೆಲಸ ಮುಗಿದ ಮೇಲೆ ಬೇವಿನ ಕೆಳಗೆ ಕುಳಿತು ನೂಲು ಹೊಸೆದು, ಅರಿಷಿಣದಲ್ಲಿ ಅದ್ದಿ, ತುದಿಗೆ ಗೊಂಡೆ ಕಟ್ಟಿ ದಾರ ಮಾಡುತ್ತಿದ್ದರು. ಅಮಾವಾಸ್ಯೆಗೆ ಬಂದ ಭಕ್ತರ ಬಲ ಮುಂಗೈಗೆ ಅದನ್ನು ತಾವೇ ಕಟ್ಟಿ ಹರಸುತ್ತಿದ್ದರು. ಆ ದಾರ ತಾನಾಗಿ ಹರಿದು ಬೀಳಬೇಕು, ಬಿಚ್ಚಬಾರದು, ಕೊಯ್ಯಬಾರದು ಎಂಬುದು ನಮ್ಮ ಸುತ್ತಿನ ಹಳ್ಳಿಗಳ ಕಟ್ಟಳೆ. ಅಜ್ಜನವರು ಹಾಗೆಂದು ಹೇಳಿದ್ದನ್ನು ಕೇಳಿದವರು ಒಬ್ಬರೂ ಇಲ್ಲ. ಮಠದ ಅಡುಗೆ ಮಾಡಿಕೊಂಡು ಅವರ ಸನ್ನಿಧಿಯಲ್ಲೇ ಇದ್ದ ನಾನೂ ಕೇಳಿಲ್ಲ. ಜನ ತಾವೇ ಕಟ್ಟಳೆ ಮಾಡಿಕೊಂಡರು, ತಾವೇ ಅದಕ್ಕೆ ಹೆದರಿದರು.

ಆ ವರ್ಷ ಕಬ್ಬಿನ ಸುಗ್ಗಿ ಜೋರಾಗಿತ್ತು. ಪಕ್ಕದ ಊರಿನ ಪರಪ್ಪ ಸಾಹುಕಾರರ ಬೆಲ್ಲದ ಗಾಣದಲ್ಲಿ ಎತ್ತು ಹೋಗಿ ಇಂಜಿನ್ ಬಂದಿತ್ತು. ಎತ್ತಿನ ಗಾಣಕ್ಕೆ ‘ಹೋ’ ಅಂದರೆ ನಿಲ್ಲುತ್ತಿತ್ತು. ಇಂಜಿನ್ನಿಗೆ ಕಿವಿಯೆಲ್ಲಿಯದು? ಗಾಣದ ಉರುಳೆಗಳ ಬಾಯಿಗೆ ಕಬ್ಬು ಕೊಡುವ ಕೆಲಸ ಗದಿಗೆಪ್ಪನದು. ಗಟ್ಟಿ ಆಳು, ಅಮಾವಾಸ್ಯೆ ತಪ್ಪಿಸಿದವನಲ್ಲ. “ಆ ಗೊಂಡೆ ಜೋತಾಡತೈತಿ, ದಾರ ಬಿಚ್ಚಿಡೋ” ಎಂದು ಜೊತೆಯವರು ಒಮ್ಮೆ ಅಂದಿದ್ದರಂತೆ. “ಅಜ್ಜಾರು ಕಟ್ಟಿದ್ದು, ಬಿಚ್ಚಂಗಿಲ್ಲ” ಎಂದು ಅವನು ನಕ್ಕಿದ್ದನಂತೆ. ಒಂದು ದಿನ ಕಬ್ಬಿನ ಕಟ್ಟಿನ ಜೊತೆಗೆ ಆ ಗೊಂಡೆಯೂ ಉರುಳೆಯ ನಡುವೆ ಸಿಕ್ಕಿತು. ಅರಿಷಿಣದ ಗಟ್ಟಿ ದಾರ ಹರಿಯಲಿಲ್ಲ. ಇಂಜಿನ್ ಇದ್ದದ್ದು ಗೋಡೆಯ ಆಚೆ. ಯಾರೋ ಓಡಿ ಹೋಗಿ ಅದನ್ನು ನಿಲ್ಲಿಸುವಷ್ಟರಲ್ಲಿ ಬಲಗೈ ಮೊಣಕೈ ತನಕ ಹೋಗಿಬಿಟ್ಟಿತ್ತು. ಅಯ್ಯೋ ಶಿವನೆ, ಅವತ್ತಿನ ಕಬ್ಬಿನ ಹಾಲು ಕೆಂಪಾಗಿ ಹರಿಯಿತೆಂದು ಕಂಡವರು ಈಗಲೂ ಹೇಳುತ್ತಾರೆ.

ದವಾಖಾನೆಯವರು ಜೀವ ಉಳಿಸಿ ಕಳಿಸಿದರು. ಊರವರು ಆ ಜೀವವನ್ನು ಹಿಂಡತೊಡಗಿದರು. ಅಜ್ಜನವರ ದಾರ ಕಟ್ಟಿಕೊಂಡವನಿಗೆ ಹೀಗಾಗಬೇಕಾದರೆ ಇವನೇ ಏನೋ ಅಪಚಾರ ಮಾಡಿರಬೇಕು ಎಂದು ಕಟ್ಟೆಯ ಮೇಲೆ ಕುಳಿತು ಮಾತಾಡಿದರು. ಏನೆನ್ನಬೇಕು ಈ ಜನಕ್ಕೆ! ಕೈ ಕಳಕೊಂಡವನ ಮೇಲೆ ಪಾಪವನ್ನೂ ಹೊರಿಸಿದರು.

ಒಂದು ಮುಂಜಾನೆ ಗದಿಗೆಪ್ಪನ ತಾಯಿ ತಂಗೆವ್ವ ಮಠಕ್ಕೆ ಬಂದಳು. ಅಜ್ಜನವರು ಬೇವಿನ ಕೆಳಗೆ ನೂಲು ಹೊಸೆಯುತ್ತಿದ್ದರು. ಅವಳು ಅಡ್ಡ ಬೀಳಲಿಲ್ಲ. “ಕಾಲಿಗೆ ಬೀಳಬೇ” ಎಂದು ಯಾರೋ ಗದರಿದರು. ಅವಳು ತಿರುಗಿಯೂ ನೋಡಲಿಲ್ಲ.

“ಅಜ್ಜಾ, ನನ್ನ ಮಗ ಏನ್ ತಪ್ಪು ಮಾಡ್ಯಾನ, ಅದನ್ನಷ್ಟು ಹೇಳ್ರಿ. ಕೇಳ್ಕೊಂಡು ಹೋಗ್ತೀನಿ. ಕೊಯ್ಯಬಾರದಂತ ಅವ ನಿಮ್ಮ ದಾರ ಕೊಯ್ಯಲಿಲ್ಲ. ಆ ದಾರಾನ ಅವನ ಕೈ ಎಳಕೊಂಡು ಹೋತು. ಈಗ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾನ. ನಾ ತುತ್ತು ಮಾಡಿ ಕೊಟ್ರ, ನಾ ಏನ್ ಕೂಸೇನು ಅಂತಾನ. ಎಡಗೈಲೆ ಉಣ್ಣಪಾ ಅಂದ್ರ, ತೊಳಕೊಳ್ಳೋ ಕೈಲೆ ಹ್ಯಾಂಗ ಉಣ್ಲಿ ಅಂತಾನ. ಹಿಂಗ ಆದ್ರ ಒಣಗಿ ಸಾಯ್ತಾನ್ರಿ ನನ್ನ ಮಗ.”

ಅಜ್ಜನವರ ಕೈಯಿಂದ ನೂಲು ಜಾರಿ ಬಿದ್ದಿತು. ಆಮೇಲೆ ಅಂದರು: “ತಪ್ಪು ಅವಂದಲ್ಲವ್ವಾ. ನಂದು.”

ಕೂಡಿದ್ದ ಭಕ್ತರು ‘ಛೇ ಛೇ, ಅಪ್ಪಾರು ಹಂಗನ್ನಬಾರದು’ ಎಂದು ಕೈ ಮುಗಿದರು. ಅಜ್ಜನವರು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಎದ್ದು ತಂಗೆವ್ವನ ಹಿಂದೆ ನಡೆದರು. ನಾನೂ ಹಿಂದೆ ಹೋದೆ.

ಕತ್ತಲೆಯ ಕೋಣೆಯಲ್ಲಿ ಗದಿಗೆಪ್ಪ ಮಲಗಿದ್ದ. ಅಂಥ ಆಳು ಸೊರಗಿ ಕಂಬಳಿಯೊಳಗೆ ಇದ್ದಾನೋ ಇಲ್ಲವೋ ಅನ್ನುವಂತಾಗಿದ್ದ. ಅಜ್ಜನವರನ್ನು ಕಂಡವನೇ ಮೊಂಡುಗೈಯನ್ನು ಕಂಬಳಿಯಲ್ಲಿ ಮುಚ್ಚಿಕೊಂಡ.

“ಶಿವ ನನ್ನ ಬ್ಯಾಡ ಅಂದಾನ್ರಿ, ಅಜ್ಜಾರ” ಎಂದ.

“ಶಿವ ಅಂದಿಲ್ಲಪಾ, ಮಂದಿ ಅಂದಾರ. ಏಳು, ಗಾಣಕ್ಕ ಹೋಗಿ ಬರೂಣು.”

ಗಾಣದ ಹೆಸರು ಕೇಳಿಯೇ ಅವನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಅಜ್ಜನವರು ಅವನ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಎಬ್ಬಿಸಿದರು. ದಾರಿಯುದ್ದಕ್ಕೂ ಬಿಡಲಿಲ್ಲ. ತಂಗೆವ್ವನೂ ನಾನೂ ಹಿಂದೆ ನಡೆದೆವು.

ಅಜ್ಜನವರು ಬರುವುದನ್ನು ನೋಡಿ ಪರಪ್ಪ ಸಾಹುಕಾರರು ಇಂಜಿನ್ ನಿಲ್ಲಿಸಿ ಓಡಿ ಬಂದರು. ಅಜ್ಜನವರು ಗಾಣದ ಬಾಯಿಯ ಮುಂದೆ ನಿಂತು ಉರುಳೆಗಳನ್ನು ನೋಡಿದರು, ಸುತ್ತ ನಿಂತ ಆಳುಗಳ ಮುಂಗೈಗಳನ್ನು ನೋಡಿದರು. ಒಂದೊಂದು ಮುಂಗೈಯಲ್ಲೂ ಅರಿಷಿಣದ ದಾರ, ದಾರದ ತುದಿಗೆ ಗೊಂಡೆ. ಎಲ್ಲವೂ ಅವರದೇ ಕೈಯಿಂದ ಕಟ್ಟಿದವು.

“ಕುಡಗೋಲು ತರ್ರಿ” ಎಂದರು. ತಮ್ಮ ಮುಂಗೈಯ ದಾರವನ್ನು ಮೊದಲು ಕೊಯ್ದುಕೊಂಡರು. ಆಳುಗಳು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

“ಕೊಯ್ದ್ರ ಕೇಡು ಬರತೈತ್ರಿ, ಅಜ್ಜಾರ.”

“ಬಂದ್ರ ನನಗ ಬರಲಿ. ತರ್ರಿ ಕೈ.”

ಒಬ್ಬೊಬ್ಬರಾಗಿ ಬಂದು ಕೈ ಚಾಚಿದರು. ಗಂಡಸರು ಅಳುತ್ತಿದ್ದರು. ಕೊಯ್ದ ದಾರಗಳು ಅಜ್ಜನವರ ಕಾಲಬುಡದಲ್ಲಿ ಬೀಳುತ್ತಿದ್ದಂತೆ ಅಷ್ಟು ಹೊತ್ತು ತಡೆದುಕೊಂಡಿದ್ದ ತಂಗೆವ್ವ ಚೀರಿಬಿಟ್ಟಳು: “ಇದನ್ನ ಸುಗ್ಗಿಗಿಂತ ಮೊದಲ ಮಾಡಿದ್ರ ನನ್ನ ಮಗನ ಕೈ ಉಳೀತಿತ್ತಲ್ರಿ, ಅಜ್ಜಾ!”

ವಿಧಿಯೆಂದಾಗಲಿ, ಹಿಂದಿನ ಕರ್ಮವೆಂದಾಗಲಿ ಗುರುಗಳು ಏನಾದರೂ ಸಮಾಧಾನ ಹೇಳಿಯಾರೆಂದು ನಾನು ಕಾದೆ. ಅಜ್ಜನವರ ಗಡ್ಡದ ಮೇಲೆ ಕಣ್ಣೀರು ಇಳಿಯಿತು.

“ಹೌದವ್ವಾ, ಉಳೀತಿತ್ತು” ಎಂದಷ್ಟೇ ಅಂದರು.

ಸಾಹುಕಾರರಿಗೆ ಒಳಗೊಳಗೇ ಹಗುರಾಗಿರಬೇಕು. “ನನ್ನದೇನೂ ತಪ್ಪಿಲ್ಲ ಅಂತ ನಾ ಮೊದಲ ಹೇಳಿದ್ದೆ, ಬುದ್ಧಿ. ದಾರದಿಂದ ಆದದ್ದು” ಎಂದರು. ಅಜ್ಜನವರು ಅವರತ್ತ ತಿರುಗಿದರು. “ದಾರ ನಂದು, ಪರಪ್ಪ. ಗಾಣದ ಬಾಯಿ ನಿಂದು. ಕೈ ಮುಟ್ಟದಂಗ ಅದಕ್ಕ ಅಡ್ಡ ಹಚ್ಚಸು.” ಸಾಹುಕಾರರ ತಲೆ ಬಗ್ಗಿತು. ಆ ವಾರವೇ ಬಡಿಗರು ಬಂದು ಗಾಣದ ಬಾಯಿಗೆ ದೋಣಿಯಂಥ ಉದ್ದನೆಯ ಕಟ್ಟಿಗೆಯ ತೊಟ್ಟಿ ಕೂಡಿಸಿದರು. ಕಬ್ಬನ್ನು ದೂರದಿಂದಲೇ ಜಾರಿಸಿದರಾಯಿತು, ಕೈ ಉರುಳೆಯ ಹತ್ತಿರ ಹೋಗುವ ಕಾರಣವೇ ಇಲ್ಲ. ಕಬ್ಬು ಕೊಡುವವನ ಪಕ್ಕದಲ್ಲೇ ಒಂದು ಹಗ್ಗ ಬಂತು, ಜಗ್ಗಿದರೆ ಇಂಜಿನ್ನಿನಿಂದ ಗಾಣ ತಿರುಗಿಸುವ ಪಟ್ಟ ಕಳಚಿ ಗಾಣ ನಿಲ್ಲುವಂಥದು. ಮಾಡಬೇಕೆಂದರೆ ಇಷ್ಟು ಸುಲಭವಿತ್ತು, ಮಾಡಿರಲಿಲ್ಲ.

ಅಂದು ನಾವು ಗಾಣದಲ್ಲಿ ಇದ್ದಂತೆಯೇ ಆಳುಗಳ ಊಟದ ಹೊತ್ತಾಯಿತು. ಅಜ್ಜನವರು ಅವರ ಸಾಲಿನಲ್ಲೇ ಕುಳಿತರು. ಗದಿಗೆಪ್ಪ ಮಾತ್ರ ದೂರ ನಿಂತ. “ಎಡಗೈಲೆ ಪಂಕ್ತಿಯೊಳಗ ಉಣ್ಣೂದು ಬ್ಯಾಡ್ರಿ. ಎಲ್ಲಾರ ಅನ್ನ ಕೆಡತೈತಿ” ಎಂದ. ಸಾಲಿನಲ್ಲಿದ್ದ ಒಂದಿಬ್ಬರು ಹೌದೆನ್ನುವಂತೆ ತಲೆಯಾಡಿಸಿದರು.

ಅಜ್ಜನವರು ತಮ್ಮ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಎಡಗೈ ಚಾಚಿ ಅಂಗೈಯನ್ನು ಎಲ್ಲರಿಗೂ ತೋರಿಸಿದರು.

“ದಿನಾ ಪೂಜಾದಾಗ ಲಿಂಗ ಯಾವ ಕೈಯಾಗ ಕೂಡತೈತೋ, ಗದಿಗೆಪ್ಪ?”

ಕೊರಳಲ್ಲಿ ಲಿಂಗ ಕಟ್ಟಿದ ಯಾರಿಗೆ ಗೊತ್ತಿಲ್ಲ? ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡೇ ಪೂಜಿಸುವವರು ನಾವು. ಶಿವನಿಗೆ ಗದ್ದುಗೆಯಾದ ಕೈ, ಅನ್ನಕ್ಕೆ ಬಂದರೆ ಮೈಲಿಗೆ! ನಮ್ಮಲ್ಲಿ ಯಾರಿಗೂ ಅದುವರೆಗೆ ಇದು ಹೊಳೆದಿರಲಿಲ್ಲ.

ಅಜ್ಜನವರು ಎಡಗೈಯಿಂದ ರೊಟ್ಟಿ ಮುರಿಯಲು ನೋಡಿದರು. ಮೆತ್ತಗಿನ ಜೋಳದ ರೊಟ್ಟಿ, ಒಂದೇ ಕೈಗೆ ಮುರಿಯಲಿಲ್ಲ. ಗಂಗಾಳದಲ್ಲಿ ಅತ್ತಿತ್ತ ಜಾರಿತು, ಪಲ್ಯ ನೆಲಕ್ಕೆ ಚೆಲ್ಲಿತು. ವಯಸ್ಸಾದ ಗುರುಗಳು ಮತ್ತೆ ಮತ್ತೆ ಯತ್ನಿಸುವುದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ. ಮತ್ತೆ ನೋಡುವಾಗ ಗದಿಗೆಪ್ಪ ಅವರೆದುರು ಕುಳಿತಿದ್ದ. ತನ್ನ ಎಡಗೈಯಿಂದ ರೊಟ್ಟಿಯ ಇನ್ನೊಂದು ಅಂಚನ್ನು ಹಿಡಿದಿದ್ದ. ಇಬ್ಬರೂ ಜಗ್ಗಿ ರೊಟ್ಟಿ ಮುರಿದರು. ಅಜ್ಜನವರು ತಮ್ಮ ಪಾಲನ್ನು ಬಾಯಿಗಿಟ್ಟುಕೊಂಡರು. ಗದಿಗೆಪ್ಪನೂ ಇಟ್ಟುಕೊಂಡ. ತಂಗೆವ್ವ ಕಂಬಕ್ಕೆ ಆತುಕೊಂಡು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಗದಿಗೆಪ್ಪನಿಗೆ ಆ ಗಾಣದಲ್ಲೇ ಕೆಲಸವಾಯಿತು. ಪಟ್ಟ ಕಳಚುವ ಹಗ್ಗದ ಹತ್ತಿರ ಅವನು ಕೂಡುತ್ತಿದ್ದ. ಕಬ್ಬು ಕೊಡಲು ಬಂದ ಪ್ರತಿಯೊಬ್ಬನ ಕೈ ನೋಡಿ, ಶಲ್ಯದ ಸೆರಗು ಕಟ್ಟಿಸಿ, ಆಮೇಲೆಯೇ ಇಂಜಿನ್ ಹಚ್ಚಲು ಬಿಡುತ್ತಿದ್ದ. ಸಾಹುಕಾರರೇ ಅವಸರ ಮಾಡಿದರೂ ಜಗ್ಗುತ್ತಿರಲಿಲ್ಲ. ಅಮಾವಾಸ್ಯೆಗೆ ಮಠಕ್ಕೆ ಬಂದು ಸಾಲಿನ ನಡುವೆ ಕುಳಿತು ಎಡಗೈಯಿಂದ ಊಟ ಮಾಡಿ ಹೋಗುತ್ತಿದ್ದ.

ಅಜ್ಜನವರು ಆಮೇಲೆ ಬಲಗೈಯಿಂದ ಅನ್ನ ಮುಟ್ಟಿದ್ದನ್ನು ನಾನು ಕಾಣೆ. ಲಿಂಗೈಕ್ಯರಾಗುವ ತನಕ ಉಂಡದ್ದೆಲ್ಲ ಎಡಗೈಯಿಂದಲೇ. ದೂರದೂರಿನಿಂದ ಬಂದ ಒಬ್ಬ ಭಕ್ತರು ಅದನ್ನು ಕಂಡು ಗಾಬರಿಯಾಗಿ, “ಬುದ್ಧಿ, ಬಲಗೈಗೆ ಏನಾಗೇತ್ರಿ?” ಎಂದು ಕೇಳಿದರು. ಸಾಲಿನಲ್ಲಿ ಗದಿಗೆಪ್ಪನೂ ಇದ್ದ.

“ಗಾಣಕ್ಕ ಹೋಗೇತಪಾ” ಎಂದು ಅಜ್ಜನವರು ಊಟ ಮುಂದುವರಿಸಿದರು. ಗದಿಗೆಪ್ಪ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ತುತ್ತು ಕೆಳಗಿಟ್ಟು, ಅಜ್ಜನವರ ಗಂಗಾಳದತ್ತ ಬಗ್ಗಿ, ಅವರ ರೊಟ್ಟಿಯ ಇನ್ನೊಂದು ಅಂಚು ಹಿಡಿದು ಅವರ ಜೊತೆಗೇ ಜಗ್ಗಿ ಮುರಿದ.