ಗೋಡೆ ಮಾರಲು ಬಂದ ಕಡಜ

ಮಣ್ಣಿನ ಮನೆ ಕಟ್ಟುವುದರಲ್ಲಿ ಹೆಸರಾದ ಕಡಜವೊಂದು ಆಲದ ಕೊಂಬೆಗೆ ಜೋತುಬಿದ್ದ ಹೆಜ್ಜೇನು ಗೂಡಿಗೆ ವ್ಯಾಪಾರಕ್ಕೆ ಬಂತು. ಕೈಯಲ್ಲಿ ಮಾದರಿಗೆಂದು ಮಾಡಿದ ಪುಟ್ಟ ಮಣ್ಣಿನ ಮನೆಯಿತ್ತು.

ಕಾವಲಿನ ಜೇನು ತಡೆಯಿತು. "ಇಲ್ಲಿ ಮನೆ ಮನೆಗೆ ಹೋಗಿ ಮಾರುವಂತಿಲ್ಲ, ಅದು ನಮ್ಮ ಸಂಘದ ನಿಯಮ. ಹೇಳುವುದನ್ನು ಎಲ್ಲರಿಗೂ ಒಟ್ಟಿಗೆ ಹೇಳು."

"ಸರಿ," ಎಂದಿತು ಕಡಜ. "ಇಷ್ಟು ಸಾವಿರ ಮನೆಗಳಿವೆ, ಸುತ್ತ ಒಂದು ಗೋಡೆಯಿಲ್ಲ, ಮೇಲೊಂದು ಸೂರಿಲ್ಲ. ಮಳೆ ಬಂದರೆ ಮಕ್ಕಳ ಗತಿಯೇನು? ನಾನು ಕಟ್ಟಿಕೊಡುತ್ತೇನೆ."

ಮಾತು ಮುಗಿಯುವ ಮೊದಲೇ ಮಳೆ ಹೊಡೆಯಿತು. ಯಾರೂ ಅಪ್ಪಣೆ ಕೊಡಲಿಲ್ಲ. ಸಾವಿರಾರು ಜೇನುಗಳು ಒಂದರ ಕಾಲನ್ನೊಂದು ಹಿಡಿದು, ಹೆಂಚು ಹೊದಿಸಿದಂತೆ ರೆಕ್ಕೆಯ ಮೇಲೆ ರೆಕ್ಕೆ ಹಾಸಿ ಗೂಡನ್ನು ಮುಚ್ಚಿ ನಿಂತವು. ನೀರು ಅವುಗಳ ಬೆನ್ನ ಮೇಲೆ ಹರಿದು ನೆಲಕ್ಕಿಳಿಯಿತು. ಒಳಗಿನ ಮರಿಗಳಿಗೆ ಒಂದು ಹನಿ ತಾಗಲಿಲ್ಲ.

ಕಡಜ ನೋಡುತ್ತಲೇ ಉಳಿಯಿತು. ಕೈಯಲ್ಲಿದ್ದ ಮಾದರಿ ಮನೆ ಕರಗಿ ಕೆಸರಾಗಿ ಜಾರಿಹೋದದ್ದೂ ಅದಕ್ಕೆ ಗೊತ್ತಾಗಲಿಲ್ಲ.

ಕೊನೆಗೆ ಮೆಲ್ಲಗೆ ಕೇಳಿತು, "ಮಳೆ ನಿಲ್ಲುವ ತನಕ ನನಗೂ ಒಳಗೆ ಒಂದಿಷ್ಟು ಜಾಗ ಸಿಗುತ್ತದೆಯೇ?"

"ಒಳಗಿನ ಜಾಗ ಮಕ್ಕಳದ್ದು," ಎಂದಿತು ಕಾವಲಿನ ಜೇನು, ತಲೆ ತಿರುಗಿಸದೆ. "ಗೋಡೆಯಲ್ಲಿ, ನನ್ನ ಪಕ್ಕ, ಒಬ್ಬರು ನಿಲ್ಲುವಷ್ಟು ಜಾಗವಿದೆ. ಬಾ."